ಜೇಬಕ್ಕನ ದೊಡ್ಡ ಫೋನು

ಒಬ್ಬ ಹೆಂಗಸು ಇಪ್ಪತ್ತೇಳು ವರ್ಷ ಜೇಬು ಬಿಟ್ಟು ಬೇರೇನನ್ನೂ ಹೊಲಿಯಲಿಲ್ಲ ಎಂದರೆ ಕೇಳಿದವರಿಗೆ ನಗು ಬರಬಹುದು. ಆ ಉಡುಪಿನ ಕಾರ್ಖಾನೆಯಲ್ಲಿ ಅದು ನಗುವ ವಿಷಯವಲ್ಲ. ಅಲ್ಲಿ ಕಾಲರಿನವಳಿಗೆ ಕಾಲರು, ತೋಳಿನವಳಿಗೆ ತೋಳು, ಗುಂಡಿಯವಳಿಗೆ ಗುಂಡಿ. ನೂರ ನಲವತ್ತು ಜನ ಸೇರಿ ಅಂಗಿ ಹೊಲಿಯುತ್ತಾರೆ; ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿ ಎಂದರೆ ಅರ್ಧಕ್ಕರ್ಧ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಹೆಂಗಸಿನ ಪಾಲಿಗೆ ಬಂದದ್ದು ಜೇಬು. ಅವಳ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಜನರ ಬಾಯಲ್ಲಿ ಅವಳು ಜೇಬಕ್ಕ ಎಂದೇ ಆಗಿಹೋದಳು.

ಲೋಕದಲ್ಲಿ ಫೋನು ಎಷ್ಟು ಬೆಳೆಯಿತು ಎಂಬುದನ್ನು ಜೇಬಕ್ಕ ಅಂಗಡಿಗೆ ಹೋಗಿ ತಿಳಿದವಳಲ್ಲ. ಅವಳು ಕೆಲಸಕ್ಕೆ ಸೇರಿದಾಗ ಜೇಬು ಎಂದರೆ ಒಂದು ಪೆನ್ನು, ಒಂದು ಕರವಸ್ತ್ರ, ನಾಲ್ಕು ಚಿಲ್ಲರೆ. ಆಮೇಲೆ ವರ್ಷ ವರ್ಷವೂ ಕತ್ತರಿಸುವ ಮೇಜಿನಿಂದ ಬರುವ ತುಂಡುಗಳು ಉದ್ದವಾದವು, ಅಗಲವಾದವು. ಗಂಡಸರ ಪ್ಯಾಂಟಿನ ಜೇಬು ತೊಡೆಯ ಅರ್ಧಕ್ಕೆ ಇಳಿಯಿತು. ಹೆಂಗಸರ ಪ್ಯಾಂಟಿಗೆ ಮಾತ್ರ ಇವತ್ತಿಗೂ ಬಾಯಿ ಉಂಟು, ಹೊಟ್ಟೆ ಇಲ್ಲ. ನೋಡುವುದಕ್ಕೆ ಜೇಬು, ಕೈ ಹಾಕಿದರೆ ಎರಡು ಬೆರಳು ಹೋಗಿ ನಿಲ್ಲುತ್ತದೆ. ಅಂಥ ಸುಳ್ಳು ಜೇಬುಗಳನ್ನೂ ಅವಳು ಲಕ್ಷಗಟ್ಟಲೆ ಹೊಲಿದಿದ್ದಾಳೆ, ಹೊಲಿಯುವಾಗಲೆಲ್ಲ ಮನಸ್ಸಿನಲ್ಲೇ ಬೈದಿದ್ದಾಳೆ.

ಐವತ್ತು ದಾಟುವಾಗ ಅವಳ ಕಣ್ಣಿಗೆ ಕೇಡು ಹತ್ತಿತು. ನೋಡಿದ ವಸ್ತುವಿನ ಸುತ್ತಮುತ್ತ ಎಲ್ಲ ಕಾಣುತ್ತದೆ. ನಟ್ಟನಡುವೆ ಮಾತ್ರ ಯಾರೋ ಎಣ್ಣೆ ಬೆರಳಿಟ್ಟ ಹಾಗೆ ಮಸುಕು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ ಎಂದುಬಿಟ್ಟರು. "ಪೂರ್ತಿ ಹೋಗಲ್ಲಮ್ಮ. ಆದ್ರೆ ಸಣ್ಣದು ಕಾಣಲ್ಲ. ದೊಡ್ಡದು ಮಾಡ್ಕೊಂಡು ನೋಡಿದ್ರೆ ಕಾಣತ್ತೆ, ಹಾಗೇ ಅಭ್ಯಾಸ ಮಾಡ್ಕೊಳ್ಳಿ" ಎಂದರು.

ಡಾಕ್ಟರಿಗೇನು, ಹೇಳಿ ಮುಂದಿನವರನ್ನು ಕರೆದರು. ಕಾರ್ಖಾನೆಯ ಕಾನೂನು ಜೇಬಕ್ಕನಿಗೆ ಗೊತ್ತಿತ್ತು. ಕೆಲಸದಲ್ಲಿ ಮೂವತ್ತು ವರ್ಷ ತುಂಬಿದವರಿಗೆ ಬದುಕಿರುವ ತನಕ ಪಿಂಚಣಿ. ಒಂದು ದಿನ ಕಡಿಮೆಯಾದರೂ ಕೈ ಕುಲುಕಿ, ಒಂದು ಕವರು ಕೊಟ್ಟು, ಬಾಗಿಲು ತೋರಿಸುತ್ತಾರೆ. ಕಣ್ಣು ಕೆಟ್ಟವರನ್ನಂತೂ ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ. ಅವಳಿಗೆ ಇನ್ನೂ ಐದು ವರ್ಷಕ್ಕೆ ಮೂರು ತಿಂಗಳು ಕಡಿಮೆ ಬೇಕಿತ್ತು. ಗಂಡ ಸತ್ತು ಹನ್ನೊಂದು ವರ್ಷ. ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಅವಳ ಮಂಚ. ತನ್ನ ಅನ್ನ ತಾನು ತಿನ್ನುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಆ ಮನೆಯಲ್ಲಿ ಅವಳು ತಲೆಯೆತ್ತಿ ನಡೆಯುತ್ತಿದ್ದಳು.

ಹೊಲಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ತುಂಡು ಕೈಗೆ ಬಂದರೆ ಬೆರಳುಗಳೇ ಅಂಚು ಮಡಿಸಿ, ಮೂಲೆ ತಿರುಗಿಸಿ, ಮೂರು ಸಲ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿಬಿಡುತ್ತಿದ್ದವು. ಕಷ್ಟ ಎರಡೇ ಕಡೆ. ಒಂದು, ದಿನಕ್ಕೆ ಐದಾರು ಸಲ ಸೂಜಿಗೆ ದಾರ ಪೋಣಿಸುವುದು. ಇನ್ನೊಂದು, ಹೊಲಿದ ತುಂಡುಗಳ ಕಟ್ಟು ಕೆಳಗಿಡುವ ಮುಂಚೆ ಮೂಲೆಯ ಹೊಲಿಗೆ ಸರಿಯಾಗಿ ಬಿದ್ದಿದೆಯೇ ಎಂದು ನೋಡುವುದು. ಇವೆರಡನ್ನೂ ಪಕ್ಕದ ಯಂತ್ರದ ಗುಂಡಿಯವಳು ಎರಡು ವರ್ಷ ಗುಟ್ಟಾಗಿ ಮಾಡಿಕೊಟ್ಟಳು. ನೂಲು ಕಡಿಯಿತೆಂದರೆ ಜೇಬಕ್ಕ ಕೆಮ್ಮುತ್ತಿದ್ದಳು, ಗುಂಡಿಯವಳು ಕೈ ಚಾಚುತ್ತಿದ್ದಳು. "ಅಕ್ಕಂಗೆ ಯಾವಾಗ್ಲೂ ಕೆಮ್ಮು" ಎಂದು ಸಾಲಿನವರು ಆಡಿಕೊಳ್ಳುತ್ತಿದ್ದರು. ಆಮೇಲೆ ಒಂದು ದಿನ ಗುಂಡಿಯವಳನ್ನು ಮೇಲಿನ ಮಹಡಿಗೆ ಹಾಕಿದರು. ಅಲ್ಲಿಗೆ ಕೆಮ್ಮು ಕೇಳಿಸುವುದಿಲ್ಲ.

ಭೂತಗನ್ನಡಿ ಹಿಡಿದು ಕೂತರೆ ಅದೇ ಸಂಜೆ ಮನೆಗೆ. ಫೋನು ಹಿಡಿದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಒಂದು ಕಟ್ಟು ಮುಗಿದು ಇನ್ನೊಂದು ಬರುವ ಎರಡು ನಿಮಿಷ ಎಲ್ಲರೂ ಫೋನಿಗೇ ಬಗ್ಗುವವರು. ಜೇಬಕ್ಕ ತನ್ನ ಹಳೆಯ ಪುಟ್ಟ ಫೋನಿನ ಕ್ಯಾಮೆರಾವನ್ನು ಸೂಜಿಯ ಮುಂದೆ ಹಿಡಿದು ನೋಡಿದಳು. ಹತ್ತಿರ ಹೋದಷ್ಟೂ ಅದಕ್ಕೂ ಮಸುಕು. ಅವಳ ಕಣ್ಣಿಗೂ ಅದಕ್ಕೂ ಒಂದೇ ರೋಗ.

ಅಳಿಯ ಫೋನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಳ್ಳೆಯ ಹುಡುಗ, ಮಾತು ಸ್ವಲ್ಪ ಜಾಸ್ತಿ. ಒಂದು ಭಾನುವಾರ ಅವಳು ಯಂತ್ರದ ಒಂದು ಸೂಜಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದಳು. ಅವನು ಅಂಗೈ ಮೀರುವ ಒಂದು ದೊಡ್ಡ ಫೋನು ತೆಗೆದು, ಅದರ ಹಿಂಬದಿಯ ನಾಲ್ಕು ಗಾಜುಗಳಲ್ಲಿ ಒಂದನ್ನು ತೋರಿಸಿ, "ಇದು ಹತ್ತಿರದ್ದು ನೋಡೋಕೇ ಇರೋದು ಅತ್ತೆ" ಎಂದ. ಸೂಜಿಯನ್ನು ಎರಡು ಬೆರಳಿನ ಅಂತರದಲ್ಲಿ ಹಿಡಿದಳು. ಪರದೆಯ ಮೇಲೆ ಸೂಜಿಯ ಕಣ್ಣು ಬಾಗಿಲಿನಷ್ಟು ದೊಡ್ಡದಾಗಿ ನಿಂತಿತು. ಅಷ್ಟು ದಿನದ ಮೇಲೆ ಅದನ್ನು ಕಂಡವಳು ಸೂಜಿಯನ್ನು ಆಚೀಚೆ ತಿರುಗಿಸಿ ಮತ್ತೆ ಮತ್ತೆ ನೋಡಿದಳು.

"ಈ ಗಾಜೇ ಇರೋ ಚಿಕ್ಕ ಫೋನು ಕೊಡಿ" ಎಂದಳು.

"ಚಿಕ್ಕದರಲ್ಲಿ ಬರಲ್ಲ ಅತ್ತೆ. ಜಾಗ ಇರಲ್ಲ."

"ಗಾಜು ಎಷ್ಟಿದೆ?"

"ಒಂದು ಬೇಳೆಯಷ್ಟು."

"ಬೇಳೆಗೆ ಜಾಗ ಇಲ್ವಾ? ಜಾಗದ ವಿಷಯ ನಂಗೆ ಹೇಳ್ಬೇಡಿ. ಹಾಲು ಕುಡಿಯೋ ಮಗು ಅಂಗಿಗೂ ಜೇಬು ಕೂರಿಸಿದೀನಿ ನಾನು."

ಅಳಿಯ ನಕ್ಕ. ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಬ್ಯಾಟರಿ ವಿಷಯಕ್ಕೆ ಬಂದ್ರೆ ನಿಜ, ದೊಡ್ಡ ಬ್ಯಾಟರಿಗೆ ದೊಡ್ಡ ಹೊಟ್ಟೆ ಬೇಕು. ಈ ಗಾಜಿಗೆ ಜಾಗ ಮಾಡ್ಬೋದು, ಮಾಡಲ್ಲ ಅಷ್ಟೆ. ಎಲ್ಲಾನೂ ಚಿಕ್ಕದರಲ್ಲೇ ಕೊಟ್ರೆ ದೊಡ್ಡದನ್ನ ಯಾರು ತಗೋತಾರೆ ಹೇಳಿ?"

ಅವನ ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅಂಗಡಿಯವರ ನ್ಯಾಯವೇ ಅದು. ಆದರೆ ಚಿಕ್ಕ ಫೋನು ಸಾಕು ಎನ್ನುವವರಿಗೆ ಕಣ್ಣೂ ಚೆನ್ನಾಗಿರಬೇಕು, ಕಿವಿಯೂ ಚೆನ್ನಾಗಿರಬೇಕು, ಆಸೆಯೂ ಚಿಕ್ಕದಿರಬೇಕು ಎಂದು ಎಲ್ಲೋ ತಂಪು ಕೋಣೆಯಲ್ಲಿ ಕೂತು ತೀರ್ಮಾನಿಸಿದ ಆ ಪುಣ್ಯಾತ್ಮರು ಯಾರೋ! ಅವರ ಅಂಗಿಯ ಜೇಬನ್ನೂ ಜೇಬಕ್ಕನಂಥವಳೇ ಯಾರೋ ಹೊಲಿದಿರುತ್ತಾಳೆ.

ಚಿಕ್ಕದೇ ಬೇಕೆಂದು ಅವಳು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಕಡುನೀಲಿ ಏಪ್ರನ್. ಅದರ ಸೊಂಟದ ಹತ್ತಿರ ಮುಚ್ಚಳವಿರುವ ಒಂದು ಜೇಬು. ಆ ಜೇಬಿನಲ್ಲಿ ಹಿಡಿಸಿ, ಮುಚ್ಚಳದ ಗುಂಡಿ ಬಿದ್ದರೆ ಮಾತ್ರ ಫೋನು ಒಳಗೆ. ಹಿಡಿಸದ ಫೋನೆಲ್ಲ ಬಾಗಿಲ ಬಳಿಯ ಪೆಟ್ಟಿಗೆಗೆ. ಹತ್ತು ವರ್ಷದ ಹಿಂದೆ ಈ ನಿಯಮ ಬಂದಾಗ ಮೇಲ್ವಿಚಾರಕ ಬಂದು ಅಳತೆ ಕೇಳಿದ್ದು ಜೇಬಕ್ಕನನ್ನೇ. ಯಾವಾಗಲೂ ಕುತ್ತಿಗೆಗೆ ಅಳತೆ ಪಟ್ಟಿ ನೇತುಹಾಕಿಕೊಂಡಿರುವ ಅವನನ್ನು ಜನ ಟೇಪಣ್ಣ ಎನ್ನುತ್ತಿದ್ದರು. "ನಾಲ್ಕು ಬೆರಳು ಅಗಲ, ಒಂದು ಗೇಣಿಗೆ ಚೂರು ಕಮ್ಮಿ. ಫೋನು ಅಂದ್ಮೇಲೆ ಇದಕ್ಕಿಂತ ದೊಡ್ಡದು ಯಾಕೆ?" ಎಂದು, ಬಟ್ಟೆಯ ಮೇಲಿಟ್ಟು ಜೇಬು ಕತ್ತರಿಸುವುದಕ್ಕೆ ತನ್ನ ಕೈಯಾರೆ ರಟ್ಟಿನ ಅಚ್ಚು ಮಾಡಿಕೊಟ್ಟಿದ್ದಳು. ಈಗ ಆ ನಾಲ್ಕು ಬೆರಳಿನಲ್ಲಿ ಅವಳೇ ಸಿಕ್ಕಿಕೊಂಡಳು.

ದೊಡ್ಡ ಫೋನನ್ನೇ ಕೊಂಡಳು. ಶನಿವಾರ ಎಲ್ಲರೂ ಹೊರಟ ಮೇಲೆ ಕತ್ತರಿಸುವ ಮೇಜಿನ ಹಿಂದಿನ ಮೊಳೆಯಿಂದ ಏಪ್ರನ್ ಜೇಬಿನ ಅಚ್ಚು ತೆಗೆದು ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಅದನ್ನೇ ಇನ್ನೊಂದು ರಟ್ಟಿನ ಮೇಲಿಟ್ಟು, ಅಗಲಕ್ಕೆ ಒಂದು ಹೆಬ್ಬೆರಳು, ಉದ್ದಕ್ಕೆ ಒಂದು ಹೆಬ್ಬೆರಳು ಬಿಟ್ಟು ಹೊಸ ಅಚ್ಚು ಕತ್ತರಿಸಿದಳು. ಅಂದಾಜಿನ ಮೇಲೆ ಬಟ್ಟೆಗೆ ಕತ್ತರಿ ಹಾಕುವ ಜಾಯಮಾನ ಅವಳದಲ್ಲ. ಕತ್ತರಿಸಿದ ಮೇಲೆ ಹಳೆಯ ಅಚ್ಚಿನ ಮೇಲಿದ್ದಂತೆಯೇ 'ಏಪ್ರನ್, ಜೇಬು, ಒಂದು' ಎಂದು ಹೊಸದರ ಮೇಲೂ ಬರೆದಳು. ಮನೆಯಲ್ಲಿ ಗುಟ್ಟಾಗಿ ಮಾಡಿದ ಅಚ್ಚಿಗೆ ಬರಹ ಯಾಕೆ ಬೇಕಿತ್ತು? ಯಾಕೂ ಬೇಕಿರಲಿಲ್ಲ. ಬರೆಯದೆ ಅಚ್ಚನ್ನು ಕೆಳಗಿಡುವುದು ಆ ಕೈಗೆ ಗೊತ್ತೇ ಇರಲಿಲ್ಲ.

ಭಾನುವಾರ ಫೋನಿನ ಗಾಜಿನಲ್ಲಿ ನೋಡಿ ನೋಡಿ ತನ್ನ ಏಪ್ರನ್ನಿನ ಜೇಬು ತೆಗೆದು ಹೊಸದನ್ನು ಕೂರಿಸಿದಳು. ಎರಡೂ ಅಚ್ಚುಗಳು ಚೀಲದಲ್ಲೇ ಇದ್ದವು; ಸೋಮವಾರ ಬೇಗ ಹೋಗಿ ಹಳೆಯದನ್ನು ಮೊಳೆಗೆ ಸಿಕ್ಕಿಸಬೇಕು ಎನ್ನುವಾಗ ಬಟ್ಟೆ ಕತ್ತರಿಸುವವನ ಚಪ್ಪಲಿ ಸದ್ದು ಕೇಳಿತು. ಚೀಲಕ್ಕೆ ಕೈ ಹಾಕಿ, ಬರಹ ಕಂಡದ್ದನ್ನು ತೂಗುಹಾಕಿ ಬಂದುಬಿಟ್ಟಳು. ಬಾಗಿಲ ಕಾವಲಿನವನು ಗುಂಡಿ ಬಿದ್ದಿದೆಯೇ ಎಂದಷ್ಟೇ ನೋಡಿದ. ಜೇಬನ್ನು ಅಳೆಯುವವರು ಯಾರು? ಅಂದು ಸೂಜಿಯ ಮುಂದೆ ಫೋನು ಹಿಡಿದು, ಯಾರಿಗೂ ಕೆಮ್ಮದೆ, ತಾನೇ ದಾರ ಪೋಣಿಸಿದಳು.

ಮೂರು ವಾರ ಕಳೆದ ಮೇಲೆ ಎಲ್ಲರಿಗೂ ಹೊಸ ಏಪ್ರನ್ ಹೊಲಿಯಬೇಕೆಂದು ಆದೇಶವಾಯಿತು. ಕತ್ತರಿಸಿದ ಜೇಬಿನ ತುಂಡುಗಳು ಜೇಬಕ್ಕನ ಮುಂದೆ ಬಂದು ಬಿದ್ದವು. ಮೊದಲ ತುಂಡು ಕೈಗೆ ತೆಗೆದುಕೊಂಡವಳೇ ಅದರ ಅಂಚಿಗೆ ಬೆರಳಿಟ್ಟು ಅಳೆದಳು. ಒಂದು ಹೆಬ್ಬೆರಳು ಅಗಲ ಜಾಸ್ತಿ, ಒಂದು ಹೆಬ್ಬೆರಳು ಉದ್ದ ಜಾಸ್ತಿ. ತಾನು ತೂಗುಹಾಕಿ ಬಂದದ್ದು ಯಾವ ಅಚ್ಚೆಂದು ಆಗ ತಿಳಿಯಿತು.

ಎದ್ದು ಹೋಗಿ ಹೇಳಬಹುದಿತ್ತು. ಹೇಳಿದರೆ ಅಚ್ಚು ಯಾಕೆ ಒಯ್ದೆ ಎನ್ನುತ್ತಾರೆ, ಫೋನು ಯಾಕೆ ಎನ್ನುತ್ತಾರೆ, ಕೊನೆಗೆ ಕಣ್ಣಿಗೇ ಬರುತ್ತಾರೆ. ಅದರ ಜೊತೆಗೆ ಇನ್ನೊಂದು ಯೋಚನೆಯೂ ಸುಳಿಯಿತು. ಎಲ್ಲರ ಜೇಬೂ ದೊಡ್ಡದಾದರೆ ತನ್ನದು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ! ನೂರ ನಲವತ್ತು ಜೇಬುಗಳನ್ನು ಅವಳು ತಪ್ಪೆಂದು ಗೊತ್ತಿದ್ದೇ ಹೊಲಿದಳು, ಅಚ್ಚುಕಟ್ಟಾಗಿ ಹೊಲಿದಳು.

ಹೊಸ ಏಪ್ರನ್ ತೊಟ್ಟ ದಿನ ಕಾರ್ಖಾನೆಗೆ ಹಬ್ಬ. ಎಂಥೆಂಥ ಫೋನುಗಳೂ ಜೇಬಿಗಿಳಿದವು, ಗುಂಡಿ ಬಿತ್ತು. ಬಾಗಿಲ ಬಳಿಯ ಪೆಟ್ಟಿಗೆ ಬರಿದಾಯಿತು. "ಜೇಬಕ್ಕ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಹರಸಿದವರೇ ಹರಸಿದವರು. ಆ ತಿಂಗಳು ಅವಳ ಕೆಲಸವೂ ಹಾಗೇ ಇತ್ತು. ಕಟ್ಟಿನ ಒಂದೊಂದು ಮೂಲೆಯನ್ನೂ ಗಾಜಿನಲ್ಲಿ ನೋಡಿ ಕೆಳಗಿಡುತ್ತಿದ್ದಳು. ಮೊಸರಿನಲ್ಲಿ ಕಲ್ಲು ಹುಡುಕುವ ಟೇಪಣ್ಣನೇ ಬಂದು, "ಈ ತಿಂಗಳು ನಿಮ್ದು ಒಂದೂ ವಾಪಸ್ ಬಂದಿಲ್ಲ ಅಕ್ಕ. ವಯಸ್ಸು ಹಿಂದಕ್ಕೆ ಹೋಗ್ತಿದೆಯಾ ಹೇಗೆ?" ಎಂದ. ಅವಳು ಹುಡುಗಿಯ ಹಾಗೆ ನಾಚಿದಳು. ಹೀಗೇ ಹೋದರೆ ಮೂವತ್ತು ತುಂಬಿಸಿಬಿಡುತ್ತೇನೆ ಎಂದು ಆ ದಿನ ಮೊದಲ ಸಲ ಧೈರ್ಯ ಬಂತು.

ಹತ್ತೊಂಬತ್ತನೆಯ ದಿನ ಕಾಲರಿನವಳು ತೊಡೆಯ ಮೇಲೆ ಫೋನಿಟ್ಟು ಧಾರಾವಾಹಿ ನೋಡುತ್ತ ಹೊಲಿದಳು. ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಮುರಿಯಿತು. ಅವಳ ಕಿರುಚಾಟಕ್ಕೆ ಯಂತ್ರಗಳೆಲ್ಲ ನಿಂತವು. ಮಧ್ಯಾಹ್ನದೊಳಗೆ ಮಾಲೀಕರ ಮಾತು ಇಳಿಯಿತು: ಇನ್ನು ಮೇಲೆ ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ, ಒಂದು ಫೋನೂ ಒಳಗೆ ಬರಕೂಡದು, ಏಪ್ರನ್ನಿಗೆ ಜೇಬೇ ಇರಕೂಡದು. ಟೇಪಣ್ಣ ಕುತ್ತಿಗೆಯ ಪಟ್ಟಿ ಎಳೆದು ಜೇಬು ಅಳೆದ, ಅಚ್ಚು ಅಳೆದ, ಕೆಂಡವಾದ. ಅಚ್ಚುಗಳ ಜವಾಬ್ದಾರಿ ಕತ್ತರಿಸುವವನದು. "ನಾಳೆಯಿಂದ ಬರಬೇಡ" ಎಂದುಬಿಟ್ಟ. ಕತ್ತರಿಸುವವನು ತಲೆಯ ಮೇಲೆ ಕೈ ಹೊತ್ತು, ತನ್ನ ಮೇಜಿನ ಅಂಚಿನಲ್ಲೇ ಕುಸಿದು ಕೂತ.

ಜೇಬಕ್ಕನಿಗೆ ಅದನ್ನು ನೋಡಿಕೊಂಡು ಇರಲಾಗಲಿಲ್ಲ. ಇದ್ದಿದ್ದರೆ ಅವಳ ಬಾಳು ಬೇರೆಯಾಗುತ್ತಿತ್ತೋ ಏನೋ. ಎದ್ದು ಬಂದು, ಎಲ್ಲರ ಎದುರಿಗೇ, "ಅಚ್ಚು ಒಯ್ದಿದ್ದು ನಾನು. ನನ್ನ ಫೋನು ಹಿಡಿಸ್ಲಿ ಅಂತ" ಎಂದಳು.

ಟೇಪಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ನಿಮ್ಗೆ ಈ ವಯಸ್ಸಲ್ಲಿ ಅಷ್ಟು ದೊಡ್ಡ ಹಲಗೆ ಯಾಕೆ ಬೇಕಿತ್ತು?"

ನಿಜ ನಾಲಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು. "ಮೊಮ್ಮಗಳ ಫೋಟೋ ದೊಡ್ಡದಾಗಿ ಕಾಣ್ಲಿ ಅಂತ."

ಸಾಲಿನ ಕೊನೆಯಿಂದ ಯಾರೋ ಕಿಸಕ್ಕೆಂದರು. "ಅಜ್ಜಿ ಷೋಕಿಗೆ ನಮ್ಮೆಲ್ಲರ ಫೋನೂ ಹೋಯ್ತು" ಎಂದು ಇನ್ನೊಬ್ಬಳು ಗೊಣಗಿದಳು. ಮೊನ್ನೆ ಹೊಟ್ಟೆ ತಣ್ಣಗಿರಲಿ ಎಂದವಳೇ ಅವಳು. ಕತ್ತರಿಸುವವನ ಕೆಲಸ ಉಳಿಯಿತು. ಅವನೂ ಜೇಬಕ್ಕನ ಮುಖ ನೋಡದೆ ಕತ್ತರಿ ಒರೆಸುತ್ತ ನಿಂತ. ಟೇಪಣ್ಣ ತುಸು ಯೋಚಿಸಿ, "ಇಪ್ಪತ್ತೇಳು ವರ್ಷ ದುಡಿದಿದೀರಿ, ಕೆಲಸ ತೆಗೆಯಲ್ಲ. ಹೊಲಿದಿದ್ದು ನೀವು, ಬಿಚ್ಚೋದೂ ನೀವೇ. ನೂರ ನಲವತ್ತು ಜೇಬೂ ಬಿಚ್ಚಿ" ಎಂದ. ದೊಡ್ಡ ಮನಸ್ಸು ಮಾಡಿದ್ದೇನೆ ಎಂದೇ ಅವನು ತಿಳಿದಿದ್ದ, ಪಾಪ.

ಹೊಲಿಯುವುದನ್ನು ಕೈ ಮಾಡುತ್ತದೆ. ಬಿಚ್ಚುವುದಕ್ಕೆ ಕಣ್ಣು ಬೇಕು. ಕಡುನೀಲಿ ಬಟ್ಟೆ, ಕಡುನೀಲಿ ದಾರ. ಬಟ್ಟೆಯ ಎಳೆಗೂ ಹೊಲಿಗೆಗೂ ನಡುವೆ ಹೊಲಿಗೆ ಬಿಚ್ಚುವ ಕೊಕ್ಕೆಯ ತುದಿ ತೂರಿಸಿ, ಹೊಲಿಗೆಯನ್ನಷ್ಟೇ ಕತ್ತರಿಸಬೇಕು. ಪಕ್ಕದ ಎಳೆ ಸಿಕ್ಕಿದರೆ ಬಟ್ಟೆಗೆ ತೂತು. ಮರುದಿನ ಅವಳು ಬಿಚ್ಚಲು ಕೂತಾಗ ಫೋನು ಮನೆಯಲ್ಲಿತ್ತು. ಸಾಲಿನವರು ಮಾತು ಬಿಟ್ಟಿದ್ದರು, ಕೆಮ್ಮಿದರೂ ತಿರುಗುವವರಿರಲಿಲ್ಲ. ಕಿಟಕಿಯ ಬಳಿ ಕೂತು, ಬೆರಳಿನಿಂದ ತಡವಿ ತಡವಿ ಬಿಚ್ಚಿದಳು. ಉದ್ದದ ಹೊಲಿಗೆಗಳು ಹೇಗೋ ಬಂದವು. ಮೂಲೆಗಳು ಬರಲಿಲ್ಲ. ಮೂರು ಸಲ ಹಿಂದೆ ಮುಂದೆ ಓಡಿಸಿ, ಎಂದೂ ಬಿಚ್ಚದಂತೆ ತಾನೇ ಗಟ್ಟಿ ಮಾಡಿದ ಮೂಲೆಗಳು. ಅಲ್ಲಿ ಕೊಕ್ಕೆ ಜಾರಿತು. ತೂತು ಬಿದ್ದ ಏಪ್ರನ್ನನ್ನು ರಾಶಿಯ ತಳಕ್ಕೆ ಸೇರಿಸಿದಳು. ಸಂಜೆಯ ಹೊತ್ತಿಗೆ ತಳದಲ್ಲಿ ಹನ್ನೊಂದಿದ್ದವು.

ಟೇಪಣ್ಣ ರಾಶಿಯನ್ನು ತಳದಿಂದಲೇ ನೋಡುವ ಮನುಷ್ಯ. ಒಂದನ್ನು ಎತ್ತಿ ಕಿಟಕಿಗೆ ಹಿಡಿದ. ತೂತಿನಿಂದ ಬೆಳಕು ಬಂತು. ಇನ್ನೊಂದನ್ನು ಹಿಡಿದ. ಮತ್ತೊಂದನ್ನು ಹಿಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ಸೂಜಿ, ಒಂದೆಳೆ ದಾರ ತಂದು ಅವಳ ಮುಂದಿಟ್ಟು, "ಪೋಣಿಸಿ ಅಕ್ಕ" ಎಂದ.

ಅವಳು ಪೋಣಿಸಿದಳು, ಗಾಳಿಯಲ್ಲಿ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸಿದಳು. ಏಳನೆಯ ಸಲಕ್ಕೆ ಟೇಪಣ್ಣ ಅವಳ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದ.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ಮತ್ತೆ ಹೋದ ತಿಂಗ್ಳು ಒಂದೂ ವಾಪಸ್ ಬಂದಿರ್ಲಿಲ್ಲ?"

"ಹೋದ ತಿಂಗ್ಳು ಕಣ್ಣು ಜೇಬಲ್ಲಿತ್ತು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುತ್ತಿಗೆಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, "ಮೊದ್ಲೇ ಒಂದು ಮಾತು ಹೇಳೋದಲ್ವಾ ಅಕ್ಕ" ಎಂದ.

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಸುಳ್ಳು ಹೇಳುವವನಲ್ಲ ಟೇಪಣ್ಣ. ಸೂಜಿ ದಾರ ಎತ್ತಿಕೊಂಡು ಹೊರಟ.

ಎರಡು ವರ್ಷ ಏಳು ತಿಂಗಳು ಬಾಕಿ ಇರುವಾಗ ಜೇಬಕ್ಕ ಮನೆಗೆ ಬಂದಳು. ಕೈ ಕುಲುಕಿದರು, ಕವರು ಕೊಟ್ಟರು. ಕೆಟ್ಟುಹೋದ ಹನ್ನೊಂದು ಏಪ್ರನ್ನುಗಳನ್ನೂ, ಬೇರೆ ಯಾರಿಗೂ ಉಪಯೋಗವಿಲ್ಲವೆಂದು, ಕಟ್ಟಿ ಅವಳ ಕೈಗೇ ಇತ್ತರು. ಗುಂಡಿಯವಳು ಮೇಲಿನ ಮಹಡಿಯಿಂದ ಓಡಿಬಂದು ಬಾಗಿಲ ತನಕ ಕಳುಹಿಸಿ ಅತ್ತಳು. ಬೇರೆ ಯಾರೂ ಬರಲಿಲ್ಲ.

ಮಗಳು ಒಳ್ಳೆಯವಳೇ. "ಸಾಕು ಬಿಡಮ್ಮ, ಎಷ್ಟು ದಿನ ದುಡೀತೀಯ" ಎಂದಳು. ಆದರೂ ಊಟಕ್ಕೆ ಕೂತಾಗ ಇನ್ನೊಂದು ಸಲ ಬಡಿಸಿಕೊಳ್ಳಲು ಜೇಬಕ್ಕನ ಕೈ ಹಿಂಜರಿಯತೊಡಗಿತು. ಪಾತ್ರೆ ತೊಳೆದಳು, ನೆಲ ಒರೆಸಿದಳು, ತಾನು ತಿನ್ನುವುದಕ್ಕಿಂತ ಜಾಸ್ತಿ ದುಡಿಯಲು ನೋಡಿದಳು. ದೊಡ್ಡ ಫೋನಿನಲ್ಲಿ ಮೊಮ್ಮಗಳು ಗೊಂಬೆಯಾಟ ನೋಡುತ್ತಾಳೆ. ಮೊಮ್ಮಗಳ ಫೋಟೋವೂ ಅದರಲ್ಲಿ ದೊಡ್ಡದಾಗಿಯೇ ಕಾಣುತ್ತದೆ. ಕಾರ್ಖಾನೆಯಲ್ಲಿ ಹೇಳಿದ ಸುಳ್ಳು ಹೀಗೆ ನಿಜವಾಯಿತು.

ಎಂಟು ತಿಂಗಳ ಮೇಲೆ ಒಂದು ಸಂಜೆ ಅಳಿಯ ಹಿಗ್ಗಿನಿಂದ ಒಳಗೆ ಬಂದ. ಸೀದಾ ಅಡುಗೆಮನೆಗೆ ಬಂದು ಒಂದು ಡಬ್ಬಿ ಬಿಚ್ಚಿದ. ಅದರೊಳಗಿದ್ದದ್ದು ಒಂದು ಪುಟ್ಟ ಫೋನು.

"ಅತ್ತೆ, ನೋಡಿ! ಆ ಹತ್ತಿರದ್ದು ನೋಡೋ ಗಾಜು ಈ ವರ್ಷ ಚಿಕ್ಕದರಲ್ಲೂ ಕೊಟ್ಟಿದಾರೆ. ಅವತ್ತು ನೀವು ಕೇಳಿದ್ರಲ್ಲ, ನೆನಪಿಟ್ಕೊಂಡು ತಂದೆ."

ಜೇಬಕ್ಕ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ನಾಲ್ಕು ಬೆರಳು ಅಗಲ, ಒಂದು ಗೇಣಿಗೆ ಚೂರು ಕಮ್ಮಿ. ಅಳೆಯಬೇಕಾಗಿರಲಿಲ್ಲ.

"ಈಗ ಜಾಗ ಆಯ್ತಾ ಇವರಿಗೆ?" ಎಂದಳು.

ಅಳಿಯನಿಗೆ ಅವಳ ದನಿ ತಿಳಿಯಲಿಲ್ಲ. ನಗುತ್ತಲೇ, "ದೊಡ್ಡದರಲ್ಲಿ ಇನ್ನೇನೋ ಹೊಸದು ಬಂದಿದೆ ಅತ್ತೆ. ಅದಕ್ಕೆ ಹಳೇದನ್ನ ಚಿಕ್ಕದಕ್ಕೆ ಬಿಟ್ಟುಕೊಟ್ರು" ಎಂದ.

ಅವಳು ತೊಟ್ಟಿದ್ದದ್ದು ಆ ಹನ್ನೊಂದು ಏಪ್ರನ್ನುಗಳಲ್ಲಿ ಒಂದು. ಫೋನು ಹಿಡಿದ ಕೈ ತಾನಾಗಿ ಸೊಂಟದ ಹತ್ತಿರ ಹೋಯಿತು. ಹತ್ತು ವರ್ಷದ ಅಭ್ಯಾಸ. ಅಲ್ಲಿ ಬಟ್ಟೆಯ ಮೇಲೆ ಜೇಬಿನ ಆಕಾರಕ್ಕೆ ಸೂಜಿಯ ತೂತುಗಳ ಒಂದು ಸಾಲಿತ್ತು, ಮೂಲೆಯಲ್ಲಿ ಒಂದು ಹರಕಿತ್ತು. ಫೋನು ಬಟ್ಟೆಗೆ ತಾಗಿ ಜಾರಿತು. ಬೀಳುವ ಮೊದಲು ಅಳಿಯ ಹಿಡಿದುಕೊಂಡ.

"ನೀವೇ ಇಟ್ಕೊಳ್ಳಿ" ಎಂದಳು ಜೇಬಕ್ಕ. "ನಂಗೆ ಇಟ್ಕೊಳ್ಳೋಕೆ ಜೇಬಿಲ್ಲ."

ಹಾಗೆಂದು ತೊಟ್ಟಿಯ ಕಡೆ ತಿರುಗಿ, ಉಳಿದ ಪಾತ್ರೆಗಳನ್ನು ತಡವಿ ತಡವಿ ತೊಳೆಯತೊಡಗಿದಳು.